ಸೂರ್ಯನ ಒಲೆ ಸೋತಿತೆಂದವರಾರು?

ಬಿಸಿಲಿನಲ್ಲಿ ಅಡುಗೆ ಮಾಡುವ ವಿಚಾರವನ್ನು ಎತ್ತಿದೊಡನೆ ನಮ್ಮ ವಿದ್ಯಾವಂತ ಮಿತ್ರರ ಮುಖದಲ್ಲಿ ಕನಿಕರದ ನಗೆಯೊಂದು ಮೂಡುತ್ತದೆ. ‘ಅದೆಲ್ಲ ಎಂಬತ್ತರ ದಶಕದಲ್ಲೇ ಆಗಿಹೋಯಿತು, ನಡೆಯಲಿಲ್ಲ’ ಎಂಬುದು ಅವರ ಮೊದಲ ವಾಕ್ಯ. ‘ನಮ್ಮ ಹಳ್ಳಿಯ ಹೆಂಗಸರು ಹೊಸದನ್ನು ಒಪ್ಪುವವರಲ್ಲ’ ಎಂಬುದು ಎರಡನೆಯದು. ಮೊದಲನೆಯ ವಾಕ್ಯ ಅರ್ಧ ಸತ್ಯ. ಎರಡನೆಯದು ಸುಳ್ಳು, ಅದರ ಜೊತೆಗೆ ಅನ್ಯಾಯ. ಈ ಬರಹ ಮುಖ್ಯವಾಗಿ ಆ ಎರಡನೆಯ ವಾಕ್ಯದ ಮೇಲಿನ ತಕರಾರು.

‘ನಾವು’ ಎಂದರೆ ಕೇಂದ್ರ ಸರ್ಕಾರದ ನೌಕರಿಯ ನಿಮಿತ್ತ ಜೋಧಪುರದಲ್ಲಿ ಬೀಡುಬಿಟ್ಟಿರುವ ಮೂರು ಕನ್ನಡ ಕುಟುಂಬಗಳು. ನಮ್ಮೊಡನೆ ನಗರದ ಪಶ್ಚಿಮಕ್ಕೆ, ಶೇರಗಢದ ದಾರಿಯಲ್ಲಿ, ಮರಳುದಿಬ್ಬಗಳ ನಡುವಿನ ಒಂದು ಢಾಣಿಯ ಮನೆಯವರೂ ಸೇರಿದ್ದಾರೆ. ಢಾಣಿಯೆಂದರೆ ಊರಿನಿಂದ ದೂರ, ಹೊಲದ ನಡುವೆಯೇ ಕಟ್ಟಿಕೊಂಡ ಒಂಟಿ ವಸತಿ. ನಮ್ಮ ಕಡೆಯ ತೋಟದ ಮನೆಯಂತೆ, ಆದರೆ ತೋಟವಿಲ್ಲ. ಎರಡು ಹುಲ್ಲಿನ ಗುಡಿಸಲು, ಒಂದು ಇಟ್ಟಿಗೆಯ ಕೋಣೆ, ಮಳೆನೀರು ಹಿಡಿದಿಡುವ ಟಾಂಕಾ ಎಂಬ ನೆಲದೊಳಗಿನ ತೊಟ್ಟಿ, ನಾಲ್ಕು ಎಮ್ಮೆ, ಕೆಲವು ಆಡು. ಹಾಲಿನ ವರ್ತನೆಯಿಂದ ಬೆಳೆದ ಪರಿಚಯ ನಮ್ಮದು. ಮನೆಯ ಹಿರಿಯಾಕೆಯನ್ನು ಅಲ್ಲಿಯವರಂತೆ ನಾವೂ ‘ಕಾಕೀಸಾ’ ಎನ್ನುತ್ತೇವೆ. ಎರಡು ವರ್ಷಗಳಿಂದ ಆ ಅಂಗಳದಲ್ಲಿಯೂ ನಮ್ಮ ವಸತಿಗೃಹದ ತಾರಸಿಯ ಮೇಲೆಯೂ ಕೈಯಾರೆ ಮಾಡಿದ ಸೂರ್ಯನ ಒಲೆಗಳನ್ನು ಇಟ್ಟುಕೊಂಡು ಬೇಯಿಸುತ್ತಿದ್ದೇವೆ. ಮುಂದಿನ ಮಾತುಗಳಿಗೆ ಆ ಅನ್ನವೂ ಬೇಳೆಯೂ ಸಾಕ್ಷಿ.

ಮೊದಲು ಚರಿತ್ರೆಯನ್ನು ತುಸು ನೋಡೋಣ. ಬಿಸಿಲಿನ ಶಾಖವನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂಡಿಹಾಕಿ ನೀರಿನ ಕುದಿಬಿಂದುವಿಗಿಂತ ಮೇಲೇರಿಸಬಹುದೆಂದು ಸ್ವಿಟ್ಜರ್ಲೆಂಡಿನ ಸೊಸ್ಯೂರ್ 1767ರಲ್ಲಿಯೇ ತೋರಿಸಿದ್ದ. ನಮ್ಮ ಮುಂಬಯಿ ಓದುಗರಿಗೆ ಕುತೂಹಲವೆನಿಸಬಹುದಾದ ಸಂಗತಿ ಇನ್ನೊಂದಿದೆ. ವಿಲಿಯಂ ಆಡಮ್ಸ್ ಎಂಬ ಬ್ರಿಟಿಷ್ ಅಧಿಕಾರಿ 1870ರ ದಶಕದಲ್ಲಿ ಅವರ ಊರಿನಲ್ಲಿಯೇ, ಎಂಟು ಮುಖದ ಗಾಜಿನ ಪಾತ್ರೆಯ ಸುತ್ತ ಎಂಟು ಕನ್ನಡಿಗಳನ್ನು ಜೋಡಿಸಿ ಸಿಪಾಯಿಗಳ ಊಟವನ್ನು ಬಿಸಿಲಲ್ಲಿ ಬೇಯಿಸಿದ. 1878ರಲ್ಲಿ ಆ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದ. ಸ್ವಾತಂತ್ರ್ಯಾನಂತರ, 1950ರ ದಶಕದಲ್ಲಿ, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ದೊಡ್ಡ ನಿಮ್ನ ಕನ್ನಡಿಯ ಒಲೆಯೊಂದನ್ನು ರೂಪಿಸಿತು. ಅದು ಮಾರುಕಟ್ಟೆಗೂ ಬಂತು, ಆದರೆ ನಿಲ್ಲಲಿಲ್ಲ. 1980ರ ದಶಕದಲ್ಲಿ ಸರ್ಕಾರದ ಸಹಾಯಧನದೊಡನೆ ಪೆಟ್ಟಿಗೆಯ ಮಾದರಿ ಬಂತು. ಸೂಟ್‌ಕೇಸಿನಂತಹ ಆ ನೀಲಿ ಕಪ್ಪು ಪೆಟ್ಟಿಗೆಗಳನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಯಾರದೋ ಮನೆಯ ಅಟ್ಟದ ಮೇಲೆ ಕಂಡವರೇ. ಇಷ್ಟು ಸಲ ಬಂದು ಇಷ್ಟು ಸಲ ಹೋದ ವಸ್ತುವಿನಲ್ಲಿ ದೋಷವೇನೋ ಇದ್ದಿರಲೇಬೇಕು ಎಂದು ಹೇಳುವವರನ್ನು ದೂರುವಂತಿಲ್ಲ. ಆ ದೋಷ ಎಲ್ಲಿತ್ತು ಎಂಬುದಷ್ಟೇ ಪ್ರಶ್ನೆ.

ನಿಮ್ನ ಕನ್ನಡಿಯ ಒಲೆಯನ್ನೇ ತೆಗೆದುಕೊಳ್ಳಿ. ಅದರ ಶಾಖ ಪ್ರಖರ. ಎಣ್ಣೆ ಕಾಯುತ್ತದೆ, ಒಗ್ಗರಣೆ ಸಿಡಿಯುತ್ತದೆ. ಆದರೆ ಸೂರ್ಯ ಚಲಿಸಿದಂತೆಲ್ಲ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಅದನ್ನು ತಿರುಗಿಸಬೇಕು. ಅಡುಗೆ ಮಾಡುವಾಕೆ ಬಟ್ಟಬಯಲಿನಲ್ಲಿ, ಕಣ್ಣು ಕುಕ್ಕುವ ಕನ್ನಡಿಯ ಎದುರು ನಿಲ್ಲಬೇಕು. ಥಾರ್ ಮರುಭೂಮಿಯ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಉಷ್ಣತೆ ದಾಖಲಾಯಿತು. ಅಂತಹ ನೆಲದಲ್ಲಿ, ಮೇ ತಿಂಗಳ ಮಧ್ಯಾಹ್ನ, ಲೂ ಎಂಬ ಬೆಂಕಿಗಾಳಿ ಬೀಸುವಾಗ, ಹೊರಗೆ ನಿಂತು ಪಲ್ಯ ಕಲಕು ಎಂದು ಹೆಣ್ಣುಮಗಳೊಬ್ಬಳಿಗೆ ಹೇಳುವುದಾದರೆ ಆಕೆ ಒಪ್ಪದಿರುವುದು ಅವಳ ವಿವೇಕ. ಅದನ್ನು ‘ರೂಢಿಯ ಗುಲಾಮಗಿರಿ’ ಎಂದವರು ಆ ಕನ್ನಡಿಯ ಎದುರು ಒಂದು ದಿನವಾದರೂ ಹಿಟ್ಟು ತಟ್ಟಿದವರಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಸಲಾರದವರು ಕುಣಿಯುವವಳ ಕಾಲೇ ಡೊಂಕು ಎಂದರು.

ಪೆಟ್ಟಿಗೆಯ ಒಲೆಗೆ ಈ ಕಾಟವಿಲ್ಲ. ಅದರ ಬಳಿ ಯಾರೂ ನಿಲ್ಲಬೇಕಾಗಿಲ್ಲ. ಆದರೆ ಅದನ್ನು ಗ್ಯಾಸಿನ ಒಲೆಗೆ ಬದಲಿಯಾಗಿ ಪರಿಚಯಿಸಲಾಯಿತು. ಲೆಕ್ಕ ಸರಳ. ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಗಾಜಿನ ಬಾಯಿಯ ಮೇಲೆ ಒಳ್ಳೆಯ ಮಧ್ಯಾಹ್ನದಲ್ಲಿ ಬೀಳುವ ಬಿಸಿಲು ಸುಮಾರು 250 ವಾಟ್. ಮುಚ್ಚಳದ ಕನ್ನಡಿ ಇನ್ನಷ್ಟನ್ನು ಕೂಡಿಸುತ್ತದೆ, ಗಾಜೂ ಗೋಡೆಯೂ ಅದರಲ್ಲಿ ಬಹುಪಾಲನ್ನು ಕಳೆಯುತ್ತವೆ. ಗ್ಯಾಸಿನ ಒಂದು ಉರಿ ಸಾವಿರ ವಾಟ್‌ಗೂ ಮೀರಿದ್ದು. ಅರ್ಧ ಗಂಟೆಯ ಕೆಲಸಕ್ಕೆ ಪೆಟ್ಟಿಗೆ ಮೂರು ಗಂಟೆ ಕೇಳುತ್ತದೆ. ಸುಮಾರು 200 ಡಿಗ್ರಿಯ ಹಂಚು ಬೇಡುವ ಸಜ್ಜೆಯ ರೊಟ್ಟಿ ಅದರಲ್ಲಿ ಆಗದು. ನಮ್ಮ ಜೋಳದ ರೊಟ್ಟಿಯೂ ಆಗದು. ತಿರುವಬೇಕಾದ ಮುದ್ದೆಯೂ ಆಗದು. ಇದನ್ನು ಮೊದಲೇ ಹೇಳಿ, ‘ಇದು ಒಲೆಯಲ್ಲ, ಒಲೆಯ ಪಕ್ಕದ ನೆರವು’ ಎಂದಿದ್ದರೆ ಯಾರೂ ಮೋಸಹೋಗುತ್ತಿರಲಿಲ್ಲ. ‘ಕುಕ್ಕರ್’ ಎಂಬ ಹೆಸರೇ ಕೇಡು ಮಾಡಿತು. ಸೀಟಿ ಹೊಡೆಯುವ ಪ್ರೆಶರ್ ಕುಕ್ಕರಿನ ಕಾಲಕ್ಕೆ ಮೂರು ಗಂಟೆ ಸುಮ್ಮನಿರುವ ಪೆಟ್ಟಿಗೆಯನ್ನು ಅದೇ ಹೆಸರಿನಿಂದ ಕರೆದು ತಂದರೆ ಅದು ಸೋಲದೆ ಇನ್ನೇನು?

ಈಗ ಢಾಣಿಯ ಅಂಗಳಕ್ಕೆ ಬರೋಣ. ಅಲ್ಲಿ ಎರಡು ವರ್ಷಗಳಲ್ಲಿ ನಾಲ್ಕು ಬಗೆಯ ಪೆಟ್ಟಿಗೆಗಳು ಆದವು. ರಟ್ಟಿನದು ಅಗ್ಗ, ಆದರೆ ಮರುಭೂಮಿಯ ಗೆದ್ದಲು ಅದನ್ನು ಒಂದು ತಿಂಗಳೂ ಬಾಳಗೊಡಲಿಲ್ಲ. ಮರದ್ದು ತಾರಸಿಗೆ ಸರಿ. ಅಂಗಳದ ಬಿಸಿಲಿಗೆ ಸೀಳುಬಿಟ್ಟಿತು. ನಗರದ ಅಂಗಡಿಗಳಲ್ಲಿ ಸಲಹೆ ಮಾಡುವ ಥರ್ಮೋಕೋಲ್ ಒಳಗಿನ ಶಾಖಕ್ಕೆ ಕುಗ್ಗಿಹೋಗುತ್ತದೆ. ಉಳಿದುಕೊಂಡದ್ದು ಮಣ್ಣಿನ ಪೆಟ್ಟಿಗೆ. ಜೇಡಿಮಣ್ಣು, ಸಜ್ಜೆಯ ಹೊಟ್ಟು, ಸಗಣಿ ಇವುಗಳನ್ನು ಕಲಸಿ ಗೇಣುದ್ದ ದಪ್ಪದ ಗೋಡೆಯ ತೊಟ್ಟಿ ಕಟ್ಟಿ, ಒಳಗೆ ಹಳೆಯ ಎಣ್ಣೆ ಡಬ್ಬಿಯ ತಗಡನ್ನು ಬಿಡಿಸಿ ಕಪ್ಪು ಬಣ್ಣ ಬಳಿದು ಕೂರಿಸಿ, ಮೇಲೆ ಬೆರಳಗಲ ಅಂತರದಲ್ಲಿ ಎರಡು ಕಿಟಕಿ ಗಾಜುಗಳನ್ನು ಚೌಕಟ್ಟಿನಲ್ಲಿ ಹಾಕಿ, ಒಡೆದ ಬೀರುವಿನ ಕನ್ನಡಿಯನ್ನು ಮುಚ್ಚಳಕ್ಕೆ ಕಟ್ಟಿದ್ದು. ಇದರಲ್ಲಿ ನಮ್ಮ ಪ್ರತಿಭೆಯೇನೂ ಇಲ್ಲ. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ, ಅಂದರೆ ಎಲ್ಲರೂ ಕರೆಯುವ ಕಾಜ್ರಿ, ಜಾನುವಾರುಗಳ ಆಹಾರ ಬೇಯಿಸಲೆಂದು ಮಣ್ಣು, ಸಜ್ಜೆಯ ಹೊಟ್ಟು, ಲದ್ದಿಗಳಿಂದ ಇಂತಹ ಒಲೆಯನ್ನು ಹಲವು ವರ್ಷಗಳ ಹಿಂದೆಯೇ ರೂಪಿಸಿತ್ತು. ಈ ನಾಡಿನ ವಿಜ್ಞಾನಿಗಳು ನಾಡನ್ನು ನೋಡಲಿಲ್ಲವೆಂದು ಸಾರಾಸಗಟಾಗಿ ಹೇಳುವವರು ಈ ಒಂದು ಉದಾಹರಣೆಯನ್ನಾದರೂ ನೆನೆಯಬೇಕು.

ಏಪ್ರಿಲಿನ ಒಂದು ಗಂಟೆಯ ಹೊತ್ತಿಗೆ ಬರಿದಾದ ಮಣ್ಣಿನ ಪೆಟ್ಟಿಗೆಯೊಳಗೆ ಉಷ್ಣಮಾಪಕ 115ರ ಆಸುಪಾಸು ತೋರಿಸಿತು. ಹೆಸರುಬೇಳೆ ಅಕ್ಕಿಯ ಕಿಚಡಿಗೆ ಎರಡೂವರೆ ಗಂಟೆ, ರಾತ್ರಿ ನೆನೆಹಾಕಿದ ಮಡಕೆ ಕಾಳಿಗೆ ಮೂರು, ಕಡಲೆಗೆ ನಾಲ್ಕು. ಆದರೆ ಅಂಕಿಗಳಿಗಿಂತ ಮುಖ್ಯವಾದ ಪಾಠಗಳು ಬೇರೆ. ಮೊದಲನೆಯದು, ಸೆಕೆ ಬೇರೆ, ಬಿಸಿಲು ಬೇರೆ. ಮೇ ಜೂನ್ ತಿಂಗಳುಗಳಲ್ಲಿ ಮೈ ಸುಡುವ ಸೆಕೆಯಿದ್ದರೂ ಆಂಧಿಯ ಧೂಳು ಆಕಾಶವನ್ನು ಮಂಕಾಗಿಸುತ್ತದೆ, ಗಾಳಿ ಗಾಜಿನ ಶಾಖವನ್ನು ಕದಿಯುತ್ತದೆ, ಗಾಜಿನ ಮೇಲೆ ಗಂಟೆಗೊಮ್ಮೆ ಮಣ್ಣಿನ ಪೊರೆ ಕೂರುತ್ತದೆ. ದಸರೆಯಿಂದ ಹೋಳಿಯವರೆಗಿನ ನಿರ್ಮಲವಾದ ಆಕಾಶದಲ್ಲಿ ಅದೇ ಪೆಟ್ಟಿಗೆ ಹೆಚ್ಚು ನಂಬಿಕೆಯಿಂದ ಬೇಯಿಸುತ್ತದೆ. ಒಂದೇ ಷರತ್ತು: ಡಿಸೆಂಬರಿನ ಮಧ್ಯಾಹ್ನ ಸೂರ್ಯ ಇಲ್ಲಿ 40 ಡಿಗ್ರಿಯಷ್ಟೇ ಮೇಲೇರುವುದರಿಂದ ಕನ್ನಡಿಯನ್ನು ಅವನಿಗೆ ತಕ್ಕಂತೆ ಬಾಗಿಸಿಕೊಳ್ಳಬೇಕು. ಮರುಭೂಮಿಯೆಂದರೆ ಬೆಂಕಿ, ಬೆಂಕಿಯಿದ್ದಲ್ಲಿ ಅಡುಗೆ ತಾನೇ ಆಗುತ್ತದೆ ಎಂಬ ದೂರದವರ ಕಲ್ಪನೆಗೂ ಮರುಭೂಮಿಗೂ ಸಂಬಂಧ ಕಡಿಮೆ.

ಎರಡನೆಯ ಪಾಠವನ್ನು ಕಲಿಸಿದವರು ಕಾಕೀಸಾ. ಕೊಳವೆಬಾವಿಯ ನೀರಿನಲ್ಲಿ ಕಾಳು ಬೇಯುವುದು ತಡವಾಗುತ್ತದೆ, ಟಾಂಕಾದ ಮಳೆನೀರು ಹಾಕಿ ಎಂದು ಅವರು ಮೊದಲ ದಿನವೇ ಹೇಳಿದರು. ಗಡಸು ನೀರಿನಲ್ಲಿ ಬೇಳೆ ಬೇಯದೆಂಬುದು ರಸಾಯನಶಾಸ್ತ್ರದ ಮಾತು. ಅವರಿಗೆ ಅದು ನಾಲ್ವತ್ತು ವರ್ಷದ ಒಲೆಯ ಮಾತು. ಅದಕ್ಕಿಂತ ದೊಡ್ಡದೊಂದನ್ನು ಅವರು ಎರಡನೆಯ ವಾರದಲ್ಲಿ ಕಂಡುಕೊಂಡರು. ಮುಚ್ಚಿದ ಪೆಟ್ಟಿಗೆಯಲ್ಲಿ ನೀರು ಕೊತಕೊತ ಕುದಿದು ಆವಿಯಾಗಿ ಹೋಗುವುದಿಲ್ಲ; ಆದ್ದರಿಂದ ನೀರು ಕಡಿಮೆ ಸಾಕು. ‘ಇದು ನೀರು ಉಳಿಸುತ್ತದೆ’ ಎಂದು ಅವರು ನೆರೆಯ ಢಾಣಿಯವರಿಗೆ ಹೇಳಿದ್ದನ್ನು ನಾವು ಕೇಳಿದ್ದೇವೆ. ಸೌದೆ ಉಳಿಯುತ್ತದೆ, ಹೊಗೆ ತಪ್ಪುತ್ತದೆ, ಗ್ಯಾಸು ಮಿಗುತ್ತದೆ ಎಂದು ನಾವು ಪಟ್ಟಿ ಮಾಡಿಕೊಂಡು ಹೋಗಿದ್ದೆವು. ಆ ಪಟ್ಟಿಯಲ್ಲಿ ಇಲ್ಲದ ಕಾರಣವೊಂದಕ್ಕೆ ಆ ಮನೆ ಪೆಟ್ಟಿಗೆಯನ್ನು ತನ್ನದಾಗಿಸಿಕೊಂಡಿತು. ಬೇಸಗೆಯಲ್ಲಿ ನೀರಿನ ಟ್ಯಾಂಕರಿಗೆ ದುಡ್ಡು ಕೊಡುವ ಮನೆಗೆ ಯಾವುದು ಉಳಿತಾಯವೆಂದು ಆ ಮನೆಯೇ ಬಲ್ಲುದು.

ಮೂರನೆಯದು ಎಮ್ಮೆಗಳ ವಿಷಯ. ಹಾಲು ಕರೆಯುವ ಎಮ್ಮೆಗೆ ಇಲ್ಲಿ ‘ಬಾಂಟಾ’ ಎಂದು ಹತ್ತಿಕಾಳು, ಗೋರಿಯ ಬೀಜ, ಸಜ್ಜೆಗಳನ್ನು ನಿತ್ಯವೂ ಬೇಯಿಸಿ ಹಾಕುತ್ತಾರೆ. ಹಿಂದೆ ನಮ್ಮ ಕಡೆ ಉಳುವ ಎತ್ತುಗಳಿಗೆ ಹುರುಳಿ ಬೇಯಿಸುತ್ತಿದ್ದುದನ್ನು ಬಲ್ಲ ಓದುಗರಿಗೆ ಇದು ಅಪರಿಚಿತವಲ್ಲ. ಈ ಬಾಂಟಾ ತಾಸುಗಟ್ಟಲೆ ಬೆರಣಿಯ ಉರಿಯನ್ನು ನುಂಗುತ್ತದೆ. ಮನೆಯ ಹೊಗೆಯ ದೊಡ್ಡ ಪಾಲು ಅದರದ್ದೇ. ಎಮ್ಮೆಗೆ ಹೊತ್ತು ಮೀರಿತೆಂಬ ಅವಸರವಿಲ್ಲ, ರುಚಿ ಬದಲಾಯಿತೆಂಬ ದೂರಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಪೆಟ್ಟಿಗೆಯಲ್ಲಿಟ್ಟು ಎಲ್ಲರೂ ಹೊಲಕ್ಕೆ ಹೋದರೆ ಸಂಜೆ ಐದಕ್ಕೆ ಬೆಂದಿರುತ್ತದೆ. ಮನುಷ್ಯರ ಅಡುಗೆಯಿಂದಲೇ ಶುರುಮಾಡಬೇಕೆಂದು ಯಾರು ವಿಧಿಸಿದರು? ಹಟ್ಟಿಯಿಂದ ಶುರುಮಾಡಿದ್ದರೆ ಸೂರ್ಯನ ಒಲೆಗೆ ಮರುಭೂಮಿಯಲ್ಲಿ ಎಂದೋ ನೆಲೆ ಸಿಗುತ್ತಿತ್ತು. ಕಾಜ್ರಿಯ ವಿಜ್ಞಾನಿಗಳು ಈ ದಾರಿಯನ್ನು ತೋರಿಸಿಯೂ ಇದ್ದರು. ಪ್ರಚಾರದ ಫಲಕಗಳ ಮೇಲೆ ಮಾತ್ರ ಎಮ್ಮೆಯ ಚಿತ್ರ ಬರಲಿಲ್ಲ. ನಗುವ ಗೃಹಿಣಿಯೇ ಬಂದಳು.

ಇನ್ನು, ನಿಧಾನದ ಅಡುಗೆ ಈ ಜನಕ್ಕೆ ಹೊಸತೇ? ಸಜ್ಜೆಯ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಬಿಸಿಲಿಗಿಟ್ಟು ಹುಳಿ ಬರಿಸಿ, ಮಂದ ಉರಿಯಲ್ಲಿ ಬೇಯಿಸುವ ರಾಬಡಿ ಮಾರವಾಡದ ನಿತ್ಯದ ಆಹಾರ. ಬೆರಣಿಯ ಕಾವಿನ ಮೇಲೆ ದಿನವಿಡೀ ಹಾಲು ಕೆಂಪಗಾಗುವುದನ್ನು ಇಲ್ಲಿಯ ಪ್ರತಿ ಮನೆಯೂ ಬಲ್ಲದು. ಸಾಂಗ್ರಿ, ಕೇರ್, ಕಾಚರಿಗಳನ್ನು ಬಿಸಿಲಲ್ಲಿ ಒಣಗಿಸಿ ವರ್ಷಕ್ಕಾಗುವಷ್ಟು ಕೂಡಿಡುವವರು ಇವರು. ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಒಣಗಿಸುವ ನಮ್ಮ ತಾಯಂದಿರಂತೆಯೇ. ಸೂರ್ಯನೊಡನೆ ವ್ಯವಹರಿಸುವ ವಿದ್ಯೆಯಲ್ಲಿ ನಾವೆಲ್ಲ ಇವರ ಶಿಷ್ಯರು. ಇಂತಹವರ ಮುಂದೆ ಯಂತ್ರವೊಂದನ್ನು ಇಳಿಸಿ, ಹತ್ತು ನಿಮಿಷ ವಿವರಿಸಿ, ಸಹಿ ಹಾಕಿಸಿಕೊಂಡು ಹೋಗಿ, ವರ್ಷದ ಮೇಲೆ ಬಂದು ಅದರಲ್ಲಿ ಕೋಳಿ ಮೊಟ್ಟೆಯಿಟ್ಟಿರುವುದನ್ನು ಕಂಡು ‘ಇವರು ಬದಲಾಗುವವರಲ್ಲ’ ಎಂದು ಷರಾ ಬರೆದರೆ ಆ ಷರಾ ಬರೆದವರ ಅರಿವಿನ ಅಳತೆಯೇ ಹೊರತು ಆ ಮನೆಯದಲ್ಲ.

ಕಡತದ ಭಾಷೆ ನಮಗೆ ಅಪರಿಚಿತವಲ್ಲ. ಅದು ನಮ್ಮ ಹೊಟ್ಟೆಯ ಪಾಡು. ಆದ್ದರಿಂದಲೇ ಅದರ ಪದಗಳ ಮೇಲೆ ನಮ್ಮ ಕಣ್ಣು ತುಸು ಹೆಚ್ಚು. ಯೋಜನೆಯೊಂದನ್ನು ಪಡೆಯುವವರನ್ನು ಹಿಂದಿಯಲ್ಲಿ ‘ಲಾಭಾರ್ಥಿ’ ಎನ್ನುತ್ತಾರೆ, ಲಾಭವನ್ನು ಬಯಸಿ ಬಂದವರು. ಕನ್ನಡದಲ್ಲಿ ‘ಫಲಾನುಭವಿ’, ಫಲವನ್ನು ಉಣ್ಣುವವರು. ಬೇಡುವವರೂ ಇದ್ದಾರೆ, ಉಣ್ಣುವವರೂ ಇದ್ದಾರೆ. ಮಾಡುವವರು ಎರಡೂ ಪದಗಳಲ್ಲಿ ಇಲ್ಲ. ನಾವು ಕುಳಿತಿದ್ದ ಒಂದು ಕಾರ್ಯಾಗಾರದಲ್ಲಿ ತಜ್ಞರೊಬ್ಬರು ಸೌರ ಒಲೆಯ ಸೋಲಿಗೆ ಕಾರಣ ‘ಯೂಸರ್ ರೆಸಿಸ್ಟೆನ್ಸ್’ ಎಂದು ಪರದೆಯ ಮೇಲೆ ತೋರಿಸಿದರು. ಬಳಸುವವಳ ಪ್ರತಿರೋಧ! ಒಲೆ ಅವಳದು, ಹಿಟ್ಟು ಅವಳದು, ಉಸಿರಿಗೆ ಸೇರುವ ಹೊಗೆ ಅವಳದು, ಆದರೆ ಪ್ರತಿರೋಧಿ ಮಾತ್ರ ಅವಳೇ. ಅಂದು ಆ ಸಭೆಯಲ್ಲಿ ದಿನನಿತ್ಯ ಅಡುಗೆ ಮಾಡುವವರು ಯಾರಾದರೂ ಇದ್ದರೆ ಅವರು ಹಿಂದಿನ ಕೋಣೆಯಲ್ಲಿ ನಮಗೆಲ್ಲ ಪೂರಿ ಕರಿಯುತ್ತಿದ್ದರು.

ಪರೀಕ್ಷೆಯ ವಿಧಾನವೂ ಹೀಗೆಯೇ. ಪೆಟ್ಟಿಗೆಯ ಸೌರ ಒಲೆಗೆ ಐಎಸ್ 13429 ಎಂಬ ಭಾರತೀಯ ಮಾನಕವಿದೆ. ಅದರಲ್ಲಿ ಶಾಖದ ಎರಡು ಮುಖ್ಯ ಪರೀಕ್ಷೆಗಳು: ಬರಿದಾದ ಪೆಟ್ಟಿಗೆಯ ತಳ ಎಷ್ಟು ಕಾಯುತ್ತದೆ ಎಂಬುದೊಂದು, ಪಾತ್ರೆಯ ನೀರು ಎಷ್ಟು ಬೇಗ ಬಿಸಿಯಾಗುತ್ತದೆ ಎಂಬುದಿನ್ನೊಂದು. ಎರಡೂ ಅಗತ್ಯ, ಎರಡೂ ಶಾಸ್ತ್ರೀಯ. ಕಳಪೆ ಪೆಟ್ಟಿಗೆಯನ್ನು ಒಳ್ಳೆಯದೆಂದು ಮಾರದಂತೆ ತಡೆಯಲು ಇಂತಹ ಮಾನಕ ಇರಲೇಬೇಕು. ಆದರೆ ಶಾಖದ ಆ ಎರಡು ಅಂಕೆಗಳನ್ನೇ ಯೋಗ್ಯತೆಯ ಕೊನೆಯ ಮಾತಾಗಿಸಿಕೊಂಡದ್ದು ನಮ್ಮ ಯೋಜನೆಗಳ ಸೋಮಾರಿತನ. ಆ ಮನೆಯವರು ಎಷ್ಟು ಹೊತ್ತಿಗೆ ಉಣ್ಣುತ್ತಾರೆ, ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ, ಮುಚ್ಚಳದ ಎತ್ತರ ಗಿಡ್ಡ ಹೆಂಗಸಿಗೆ ಎಟುಕುತ್ತದೆಯೇ, ಆಡು ಮೂತಿಯಿಟ್ಟರೆ ಗಾಜು ಉಳಿಯುತ್ತದೆಯೇ, ಒಡೆದ ಗಾಜು ಎಷ್ಟು ದೂರದ ಪೇಟೆಯಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗಳಿಗೆ ಉಷ್ಣಮಾಪಕ ಉತ್ತರಿಸದು. ಅವುಗಳನ್ನು ಕೇಳಬೇಕಾದರೆ ಅಂಗಳಕ್ಕೆ ಹೋಗಿ ಕೂರಬೇಕು.

ಸೂರ್ಯನ ಒಲೆ ಗೆದ್ದಿರುವ ಸ್ಥಳಗಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಇದೇ ರಾಜಸ್ಥಾನದ ಆಬೂ ರೋಡಿನಲ್ಲಿ ಬ್ರಹ್ಮಕುಮಾರಿ ಸಂಸ್ಥೆಯ ಪಾಕಶಾಲೆ 84 ದೊಡ್ಡ ಕನ್ನಡಿ ತಟ್ಟೆಗಳಿಂದ ಹಬೆ ತಯಾರಿಸಿ 38,500 ಜನರವರೆಗೆ ಅಡುಗೆ ಮಾಡಬಲ್ಲುದು. ತಿರುಮಲದಲ್ಲಿ 2002ರಿಂದ 106 ಅಂತಹ ತಟ್ಟೆಗಳು ಬಂದವು. ಅಲ್ಲಿ ಕನ್ನಡಿ ಹೊರಗೆ, ಅಡುಗೆಯವರು ಒಳಗೆ ನೆರಳಿನಲ್ಲಿ. ಕನ್ನಡಿ ತಾನೇ ತಿರುಗುತ್ತದೆ. ಊಟದ ಹೊತ್ತು ಗಂಟೆಗೆ ಕಟ್ಟುಬಿದ್ದದ್ದು. ಬಿಸಿಲಿಲ್ಲದ ದಿನಕ್ಕೆ ಇನ್ನೊಂದು ಇಂಧನ ಸಿದ್ಧ. ಹಣವಿರುವ ಸಂಸ್ಥೆಯ ಅಡುಗೆಯವನಿಗೆ ಬಿಸಿಲಲ್ಲಿ ನಿಲ್ಲುವ ಶಿಕ್ಷೆಯಿಲ್ಲ. ಆ ಶಿಕ್ಷೆ ಢಾಣಿಯ ಹೆಂಗಸಿಗೆ ಮಾತ್ರ ಮೀಸಲು. ಬೆಂಗಳೂರಿನಲ್ಲಿ 2023ರ ಫೆಬ್ರುವರಿಯಲ್ಲಿ ಇಂಡಿಯನ್ ಆಯಿಲ್‌ನವರ ಒಳಾಂಗಣ ಸೌರ ಒಲೆಯ ಜೋಡಿ ಉರಿಯ ಮಾದರಿಯನ್ನು ಅನಾವರಣ ಮಾಡಿದಾಗ ನಮಗೆ ಸಂತೋಷವಾದದ್ದು ಈ ಕಾರಣಕ್ಕೇ: ಫಲಕ ಹೊರಗಿರಲಿ, ಅಡುಗೆ ಮಾಡುವವರು ಒಳಗಿರಲಿ ಎಂಬ ವಿವೇಕ ಅಲ್ಲಿದೆ. ಆದರೆ ಕೆಟ್ಟರೆ ಕೈಯಾರೆ ರಿಪೇರಿ ಮಾಡಲಾಗದ ವಸ್ತು ಢಾಣಿಯಲ್ಲಿ ಬಹುಕಾಲ ಬಾಳದು.

ರಿಪೇರಿಯ ಮಾತು ಬಂದದ್ದರಿಂದ ಅಜ್ಮೇರ್ ಜಿಲ್ಲೆಯ ತಿಲೋನಿಯಾವನ್ನು ನೆನೆಯಲೇಬೇಕು. ಅಲ್ಲಿಯ ಬೇರ್‌ಫೂಟ್ ಕಾಲೇಜಿನಲ್ಲಿ, ಶಾಲೆಯ ಮೆಟ್ಟಿಲನ್ನು ಹೆಚ್ಚು ತುಳಿಯದ ಹಳ್ಳಿಯ ಮಹಿಳೆಯರು ಕಬ್ಬಿಣ ಕತ್ತರಿಸಿ, ಬೆಸುಗೆ ಹಾಕಿ, ಕನ್ನಡಿ ತುಂಡುಗಳನ್ನು ಲೆಕ್ಕ ಹಾಕಿ ಜೋಡಿಸಿ ತಾವೇ ಸೌರ ಒಲೆಗಳನ್ನು ತಯಾರಿಸಿದರು. ಹೊಸದನ್ನು ಒಪ್ಪದ ಹೆಂಗಸರು ಇವರೇ ಏನು? ಒಪ್ಪುವುದು ಒಪ್ಪದಿರುವುದು ಕೊಳ್ಳುವವರಿಗೆ ಸಂಬಂಧಿಸಿದ ಪದ. ಮಾಡುವವರಿಗೆ ಆ ಪ್ರಶ್ನೆಯೇ ಏಳುವುದಿಲ್ಲ. ಸರಿಯಿಲ್ಲದ್ದನ್ನು ಅವರು ಬಿಚ್ಚಿ ಮತ್ತೆ ಕಟ್ಟುತ್ತಾರೆ. ಶೇರಗಢದ ದಾರಿಯ ಆ ಅಂಗಳದಲ್ಲಿ ಪೆಟ್ಟಿಗೆಯ ಗೋಡೆಯನ್ನು ಕಾಕೀಸಾ ಮೂರು ಸಲ ಒಡೆದು ಕಟ್ಟಿದ್ದಾರೆ, ಪ್ರತಿ ಸಲವೂ ನಮ್ಮನ್ನು ಕೇಳದೆ. ಈಗ ಅದು ಅವರ ಸೊಂಟದೆತ್ತರಕ್ಕಿದೆ, ಆಡಿನ ಬಾಯಿಗೆ ಸಿಗುವುದಿಲ್ಲ, ಗಾಳಿ ಬರುವ ದಿಕ್ಕಿಗೆ ಕುಡುಗೋಲಿನಾಕಾರದ ಮೋಟುಗೋಡೆಯೊಂದಿದೆ. ಆ ಗೋಡೆ ಯಾವ ಪುಸ್ತಕದಲ್ಲಿಯೂ ಇಲ್ಲ.

ಎದುರಾಡುವವರ ಮಾತಿಗೂ ಉತ್ತರಿಸಬೇಕು. 2016ರಲ್ಲಿ ಉಜ್ವಲಾ ಯೋಜನೆ ಬಂತು, ಮನೆಮನೆಗೆ ಗ್ಯಾಸ್ ತಲುಪಿತು, ಇನ್ನು ಈ ಪೆಟ್ಟಿಗೆಯೇಕೆ ಎಂದು ಕೇಳುತ್ತಾರೆ. ಗ್ಯಾಸ್ ಸಂಪರ್ಕ ದೊಡ್ಡ ಉಪಕಾರ. ಅದನ್ನು ಹೀಗಳೆಯುವವರು ಹೊಗೆಯಲ್ಲಿ ಕಣ್ಣು ಕಳೆದುಕೊಂಡವರನ್ನು ಕಂಡಿಲ್ಲ. ಆದರೆ ಮೊದಲ ಸಿಲಿಂಡರ್ ಬೇರೆ, ಹನ್ನೆರಡನೆಯ ಸಿಲಿಂಡರ್ ಬೇರೆ. ಮರಳುದಾರಿಯಲ್ಲಿ ಗಾಡಿ ಬಾರದ ಢಾಣಿಗೆ ಸಿಲಿಂಡರನ್ನು ಒಂಟೆಗಾಡಿಯಲ್ಲೋ ಮೋಟಾರ್ ಸೈಕಲಿನಲ್ಲೋ ತರಬೇಕು, ಅಷ್ಟು ಹಣವನ್ನು ಒಮ್ಮೆಗೇ ಹೊಂದಿಸಬೇಕು. ಆದ್ದರಿಂದ ಗ್ಯಾಸು ಚಹಾಕ್ಕೆ, ನೆಂಟರಿಗೆ. ಬೆರಣಿ, ಸೌದೆ ನಿತ್ಯಕ್ಕೆ. ಪೆಟ್ಟಿಗೆಯ ಜಾಗ ಈ ನಡುವಿನಲ್ಲಿದೆ. ಗ್ಯಾಸನ್ನು ಓಡಿಸಲು ಅದು ಬಂದಿಲ್ಲ. ಸಿಲಿಂಡರ್ ಇನ್ನೊಂದು ತಿಂಗಳು ಬರುವಂತೆ ಮಾಡಲು ಬಂದಿದೆ. ‘ಬಡವರಿಗೆ ಪೆಟ್ಟಿಗೆ, ನಿಮಗೆ ಇಂಡಕ್ಷನ್ ಒಲೆಯೇ?’ ಎಂಬ ಚುಚ್ಚುಮಾತು ಇನ್ನೊಂದು. ನ್ಯಾಯವಾದ ಪ್ರಶ್ನೆ. ನಮ್ಮ ಮೂರೂ ಮನೆಗಳ ಬೇಳೆ ವಾರದಲ್ಲಿ ನಾಲ್ಕು ದಿನ ತಾರಸಿಯ ಮೇಲೆಯೇ ಬೇಯುತ್ತದೆ, ಅದನ್ನು ಇಡುವುದೂ ಇಳಿಸುವುದೂ ಹೆಚ್ಚಿನ ದಿನ ಗಂಡಸರ ಕೆಲಸ. ತಾನು ಮಾಡದ ಅಡುಗೆಯನ್ನು ಇತರರಿಗೆ ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ ಎಂಬುದರಲ್ಲಿ ನಮಗೂ ಎದುರಾಳಿಗೂ ಭಿನ್ನಾಭಿಪ್ರಾಯವಿಲ್ಲ.

ಈಗ ಮರುಭೂಮಿಯ ಆಚೆ ಇರುವ ನಮ್ಮೆಲ್ಲರ ಪಾಲಿನ ಮಾತು. ಜೋಧಪುರದ ಉತ್ತರಕ್ಕೆ ಭಡ್ಲಾ ಎಂಬಲ್ಲಿ ಸುಮಾರು 14,000 ಎಕರೆಯಲ್ಲಿ 2,245 ಮೆಗಾವಾಟ್‌ನ ಸೌರ ವಿದ್ಯುತ್ ಉದ್ಯಾನವಿದೆ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟ್‌ನದು. ದೇಶಕ್ಕೆ ಇವು ಬೇಕು. ಕಲ್ಲಿದ್ದಲಿನ ಹೊಗೆಗಿಂತ ಸಾವಿರ ಪಾಲು ಮೇಲು. ಆದರೆ ಪಶ್ಚಿಮ ರಾಜಸ್ಥಾನದಲ್ಲಿ ಇಂತಹ ಸ್ಥಾವರಗಳಿಗಾಗಿ ಖೇಜಡಿ ಮರಗಳು ಉರುಳುತ್ತಿವೆಯೆಂದು ಜನ ಬೀದಿಗಿಳಿದು ಪ್ರತಿಭಟಿಸಿದ್ದಾರೆ. ಖೇಜಡಿಯೆಂದರೆ ಬೇರಾವುದೂ ಅಲ್ಲ, ನಾವು ವಿಜಯದಶಮಿಯಂದು ಎಲೆ ಹಂಚಿಕೊಂಡು ‘ಬಂಗಾರದಂಗ ಇರೋಣ’ ಎನ್ನುವ ಬನ್ನಿ ಮರ. ಆ ಮರಕ್ಕಾಗಿ 1730ರಲ್ಲಿ ಜೋಧಪುರದ ಸಮೀಪದ ಖೇಜಡಲಿಯಲ್ಲಿ ಅಮೃತಾದೇವಿಯೊಡನೆ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರೆಂದು ಈ ನಾಡು ಇಂದಿಗೂ ನೆನೆಯುತ್ತದೆ. ಢಾಣಿಯ ನೆತ್ತಿಯ ಮೇಲಿನ ಬಿಸಿಲು ತಂತಿಯೇರಿ ದೂರದ ನಗರಗಳಿಗೆ ಹೋಗುತ್ತದೆ. ಢಾಣಿಯಾಕೆ ಅದೇ ತಂತಿಯ ಕೆಳಗೆ ವಿಲಾಯತಿ ಬಬೂಲಿನ, ಅಂದರೆ ನಮ್ಮ ಬಳ್ಳಾರಿ ಜಾಲಿಯ, ಮುಳ್ಳುಸೌದೆ ಕಡಿದು ತಲೆಯ ಮೇಲೆ ಹೊತ್ತು ತರುತ್ತಾಳೆ. ಸೌರಶಕ್ತಿ ಗೆದ್ದಿತೆಂದು ನಾವು ಸಂಭ್ರಮಿಸುವಾಗ ಅವಳ ಒಲೆ ಸೋತಿತೆಂದು ಷರಾ ಬರೆಯುತ್ತೇವೆ. ಸೂರ್ಯ ಒಬ್ಬನೇ. ದೊಡ್ಡ ಸೂರ್ಯನಿಗೆ ಎಕರೆಗಟ್ಟಲೆ ನೆಲ ಸಿಗುತ್ತದೆ, ಚಿಕ್ಕ ಸೂರ್ಯನಿಗೆ ಎರಡು ಗಾಜು ಸಿಗುವುದಿಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಸಿದ್ಧವಾದ ಪೆಟ್ಟಿಗೆಯನ್ನು ಹಂಚುವುದನ್ನು ಬಿಟ್ಟು ಗಾಜು, ಕನ್ನಡಿ, ತಗಡು, ಕಪ್ಪು ಬಣ್ಣಗಳನ್ನು ಹಂಚಿ. ಮಣ್ಣೂ ಹೊಟ್ಟೂ ಬುದ್ಧಿಯೂ ಅವರಲ್ಲಿವೆ. ಮೊದಲ ಒಲೆ ಹಟ್ಟಿಯಲ್ಲಿರಲಿ, ಎರಡನೆಯದು ಅಂಗಳದಲ್ಲಿ. ಕಾಜ್ರಿಯಂತಹ ಸಂಸ್ಥೆಗಳ ಹಳೆಯ ಕೆಲಸವನ್ನು ಕಪಾಟಿನಿಂದ ಢಾಣಿಗೆ ತನ್ನಿ. ಪರೀಕ್ಷೆಯ ಮೇಜಿನ ಬಳಿ ಅಡುಗೆ ಮಾಡುವವರಿಗೊಂದು ಕುರ್ಚಿ ಹಾಕಿ, ಅವರ ತೀರ್ಪಿಗೂ ಅಂಕ ಕೊಡಿ. ರೊಟ್ಟಿ ಸುಡದ ಒಲೆಯನ್ನು ರೊಟ್ಟಿಯ ಒಲೆಯೆಂದು ಮಾರಬೇಡಿ. ಇಷ್ಟನ್ನು ಮಾಡಿಯೂ ಜನ ಬೇಡವೆಂದರೆ ಆಗ ಸೂರ್ಯನ ಒಲೆ ಸೋತಿತೆಂದು ನಾವೂ ಒಪ್ಪುತ್ತೇವೆ.

ಹೊರನಾಡಿನಲ್ಲಿರುವ ಕನ್ನಡಿಗರಾದ ನಮಗೆ ಇದರಲ್ಲೇನು ಎಂದು ಕೇಳುವವರಿಗೆ ಒಂದು ಮಾತು. ಬಂದ ನೆಲದ ಜನರನ್ನು ‘ಇವರು ಹೀಗೆಯೇ’ ಎಂದು ಒಂದೇ ಉಸಿರಿನಲ್ಲಿ ತೀರ್ಮಾನಿಸುವ ಸುಖ ಹೊರಗಿನಿಂದ ಬಂದವರಿಗೆ ಸುಲಭವಾಗಿ ದಕ್ಕುತ್ತದೆ; ನಮ್ಮ ಬಗ್ಗೆಯೂ ಪರರು ಹಾಗೆ ತೀರ್ಮಾನಿಸಿದಾಗ ಎಷ್ಟು ನೋಯುತ್ತದೆಂದು ನಮ್ಮಲ್ಲಿ ಬಲ್ಲದವರಿಲ್ಲ. ಮರುಭೂಮಿಯ ಹೆಣ್ಣುಮಗಳು ಹೊಸದನ್ನು ಒಪ್ಪುವುದಿಲ್ಲ ಎಂಬ ವಾಕ್ಯ ಇನ್ನೊಮ್ಮೆ ನಮ್ಮ ನಾಲಗೆಯ ತುದಿಗೆ ಬಂದಾಗ ಅದನ್ನು ಅಲ್ಲಿಯೇ ತಡೆದು, ಅವಳಿಗೆ ಕೊಟ್ಟದ್ದೇನು, ಕೊಡುವ ಮುನ್ನ ಅವಳನ್ನು ಕೇಳಿದವರು ಯಾರು ಎಂದು ವಿಚಾರಿಸುವುದು ನಮ್ಮ ಕರ್ತವ್ಯ. ಅವಳು ಮೂರು ಗಂಟೆ ಕಾಯಬಲ್ಲಳು. ಕಾಯುವುದು ಅವಳಿಗೆ ಹೊಸತಲ್ಲ. ಹತ್ತು ನಿಮಿಷದ ವಿವರಣೆಗೆ ಒಂದು ವರ್ಷದ ಫಲಿತಾಂಶವನ್ನು ಬೇಡುವ ಅವಸರ ನಮ್ಮದು.